ಗಾಳಿಯಲ್ಲಿ ತೂಗುಹಾಕಿದ ಬೋರ್ಡು

ಶೀಘ್ರಗತಿ ಇಂಟರ್‌ನೆಟ್ ಕಂಪನಿಯ ಗ್ರಾಹಕ ಸಂತೋಷ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ಪುಣೆಯ ಸದಾಶಿವ ಪೇಠೆಯ ಶುಭಂಕರ ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಿಂದ, ತಮ್ಮ ಹನ್ನೊಂದು ವರ್ಷಗಳ ಗ್ರಾಹಕನಾದ ಮನೋಹರ ಖಾಂಬೇಟೆ ಮಾಡುವ ನಮಸ್ಕಾರಗಳು. ತಾವು, ತಮ್ಮ ಕುಟುಂಬದವರು, ತಮ್ಮ ಕಂಬಗಳು, ಕಂಬದಿಂದ ಕಂಬಕ್ಕೆ ಜೋತುಬಿದ್ದಿರುವ ತಮ್ಮ ಕಪ್ಪು ತಂತಿಗಳು ಹಾಗೂ ಆ ತಂತಿಗಳ ಮೇಲೆ ಸಾಲಾಗಿ ಕೂರುವ ಪಾರಿವಾಳಗಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ದೂರು ಬರೆಯುವುದು ನನ್ನ ಸ್ವಭಾವವಲ್ಲ. ನಾನು ನಲವತ್ತು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದವನು, ಓದಿದ್ದು ಮ್ಯಾಟ್ರಿಕ್‌ವರೆಗೆ, ಬರೆಯುವುದೇನಿದ್ದರೂ ಅಂಗಡಿಯಲ್ಲಿ ಉಳಿದ ಕಾಗದದ ತುಂಡುಗಳನ್ನು ಹೊಲಿದು ನಾನೇ ಮಾಡಿಕೊಂಡ ದಿನಚರಿಯಲ್ಲಿ. ನಮ್ಮ ಮನೆಯಲ್ಲಿ ದೂರುಗಳ ಖಾತೆ ನನ್ನ ಹೆಂಡತಿ ಕುಮುದಿನಿಯ ಕೈಯಲ್ಲಿತ್ತು. ಅವಳು ಎಂಟು ತಿಂಗಳ ಹಿಂದೆ ತೀರಿಕೊಂಡಳು. ಆದ್ದರಿಂದ ಈ ಪತ್ರದಲ್ಲಿ ಖಾರ ಕಡಿಮೆ ಎನಿಸಿದರೆ ದಯವಿಟ್ಟು ತಾವೇ ಸ್ವಲ್ಪ ಸೇರಿಸಿಕೊಂಡು ಓದಬೇಕು.

ಮೊದಲು ಮೆಚ್ಚುಗೆಯ ಮಾತು. ನಮ್ಮ ಬೀದಿಯ ಮೂಲೆಯಲ್ಲಿ ತಾವು ಕಟ್ಟಿಸಿರುವ ಬ್ಯಾನರಿನಲ್ಲಿ, ಹೊಸ ಗ್ರಾಹಕರಿಗೆ ತಿಂಗಳಿಗೆ ಮುನ್ನೂರ ತೊಂಬತ್ತೊಂಬತ್ತು ರೂಪಾಯಿ ಎಂದು ನಗುಮುಖದ ಒಂದು ಸಂಸಾರದ ಚಿತ್ರದೊಂದಿಗೆ ಬರೆದಿದೆ. ಹನ್ನೊಂದು ವರ್ಷ ಒಂದು ದಿನವೂ ತಡಮಾಡದೆ ಬಿಲ್ಲು ಕಟ್ಟಿದ ನನ್ನಂಥವರಿಗೆ ಅದೇ ತಂತಿ, ಅದೇ ವೇಗ, ಅವೇ ಪಾರಿವಾಳಗಳು, ಆದರೆ ಏಳುನೂರ ತೊಂಬತ್ತೊಂಬತ್ತು. ನಮ್ಮನ್ನು ತಾವು ‘ವಿಶ್ವಾಸಿ ಗ್ರಾಹಕರು’ ಎಂದು ಕರೆಯುತ್ತೀರಿ. ವಿಶ್ವಾಸಕ್ಕೆ ತಿಂಗಳಿಗೆ ನಾನೂರು ರೂಪಾಯಿ ದಂಡ ವಿಧಿಸಿ, ಅದನ್ನು ಗೌರವವೆಂದು ತಿಳಿಸುವ ಜಾಣ್ಮೆ ಸಾಮಾನ್ಯರಿಗೆ ಸಾಧ್ಯವಿಲ್ಲ. ಅದಕ್ಕೆ ನನ್ನ ಹೃತ್ಪೂರ್ವಕ ಅಭಿನಂದನೆಗಳು.

ಈ ಗೌರವದಿಂದ ತಪ್ಪಿಸಿಕೊಳ್ಳಲು ನಮ್ಮ ಕಟ್ಟಡದವರು ಅನೇಕ ದಾರಿಗಳನ್ನು ಕಂಡುಕೊಂಡಿದ್ದಾರೆ. ಮೂರನೆಯ ಮಹಡಿಯ ದಂತವೈದ್ಯರು ಪ್ರತಿ ವರ್ಷ ಹಳೆಯ ಸಂಪರ್ಕ ಬಿಟ್ಟು ಮನೆಯ ಇನ್ನೊಬ್ಬರ ಹೆಸರಿನಲ್ಲಿ ಹೊಸದನ್ನು ತೆಗೆದುಕೊಳ್ಳುತ್ತಾರೆ. ಅವರದು, ಹೆಂಡತಿಯದು, ತಮ್ಮನದು ಎಲ್ಲ ಹೆಸರೂ ಮುಗಿದು, ಈ ವರ್ಷ ಅವರ ತೊಂಬತ್ತೊಂದು ವರ್ಷದ ಅಜ್ಜಿ ತಮ್ಮ ಕಂಪನಿಯ ಹೊಸ ಗ್ರಾಹಕಿ. ‘ವೇಗದ ಆಟಗಳನ್ನು ಆಡಿ ಆನಂದಿಸಿ’ ಎಂದು ತಾವು ಆ ಅಜ್ಜಿಗೆ ಕಳಿಸಿದ ಶುಭಾಶಯವನ್ನು ಅವರು ದೇವರ ಮನೆಯಲ್ಲಿ ಇಟ್ಟಿದ್ದಾರೆಂದು ಕೇಳಿದ್ದೇನೆ. ಮುಂದಿನ ವರ್ಷಕ್ಕೆ ಆ ಮನೆಯಲ್ಲಿ ಬೆಕ್ಕು ಮಾತ್ರ ಉಳಿದಿದೆ.

ಕುಮುದಿನಿಗೆ ಈ ದಾರಿ ಹಿಡಿಸುತ್ತಿರಲಿಲ್ಲ. ಹೆಸರು ಬದಲಾಯಿಸಿ ಗೆಲ್ಲುವುದು ಗೆಲುವಲ್ಲ, ಒಂದೇ ಹೆಸರಿನಲ್ಲಿ ನಿಂತು ಬೆಲೆ ಇಳಿಸಬೇಕು ಎನ್ನುತ್ತಿದ್ದಳು. ಪ್ರತಿ ವರ್ಷ ಗುಡಿ ಪಾಡ್ವಾ ಹಬ್ಬಕ್ಕೆ ಒಂದು ವಾರ ಮೊದಲು, ಮಧ್ಯಾಹ್ನದ ನಿದ್ದೆ ಮುಗಿಸಿ, ಚಹಾ ಕುಡಿದು, ಇಸ್ತ್ರಿ ಮಾಡಿದ ಸೀರೆ ಉಟ್ಟು, ಫೋನಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಫೋನಿನಲ್ಲಿ ಸೀರೆ ಕಾಣುವುದಿಲ್ಲ ಎಂದರೆ, ದನಿಯಲ್ಲಿ ಇಸ್ತ್ರಿ ಕಾಣುತ್ತದೆ ಎನ್ನುತ್ತಿದ್ದಳು. ಸಂಪರ್ಕ ಬಿಡುವ ಬಗ್ಗೆ ತಮ್ಮ ಸಿಬ್ಬಂದಿಗೆ ಅವಳು ಹೇಳುತ್ತಿದ್ದುದು ಒಂದೇ ವಾಕ್ಯ: “ನಮಗೆ ಬಿಡಬೇಕಾಗಿದೆ.” ಅಷ್ಟು ಹೇಳಿ ಸುಮ್ಮನಾಗಿಬಿಡುತ್ತಿದ್ದಳು. ಆ ಕಡೆಯವರು ಯಾಕೆ ಎಂದರೂ ಮೌನ, ಹಲೋ ಹಲೋ ಎಂದರೂ ಮೌನ, ಉಸಿರು ಮಾತ್ರ ಕೇಳುವಂತೆ ಬಿಡುತ್ತಿದ್ದಳು. ಆ ಮೌನದಲ್ಲಿ ತಮ್ಮವರು ತಾವಾಗಿಯೇ ಬೆಲೆ ಇಳಿಸುತ್ತ, ಇಳಿಸುತ್ತ, ಕೊನೆಗೆ ನಾನೂರೈವತ್ತಕ್ಕೆ ಬಂದು ನಿಲ್ಲುತ್ತಿದ್ದರು. ನಾಲ್ಕು ನಿಮಿಷದ ಮೌನ ಅವಳ ದಾಖಲೆ. ನನ್ನ ದಿನಚರಿಯಲ್ಲಿ ಗಡಿಯಾರ ನೋಡಿ ಬರೆದಿದ್ದೇನೆ. ಹೊಸಬರ ದರಕ್ಕಿಂತ ಒಂದೇ ಒಂದು ರೂಪಾಯಿ ಕಡಿಮೆ ಮಾಡಿಸಬೇಕು ಎಂಬುದು ಅವಳ ಆಸೆಯಾಗಿತ್ತು. ಅದು ಈಡೇರಲಿಲ್ಲ.

ಈ ವರ್ಷ ಆ ಕುರ್ಚಿಯಲ್ಲಿ ನಾನು ಕೂತೆ. ಜನ್ಮದಿಂದಲೇ ಮಾತು ಕಡಿಮೆ ಇರುವವನಾದ್ದರಿಂದ ಈ ವಿದ್ಯೆ ನನಗೆ ಸುಲಭವೆಂದು ಭಾವಿಸಿದ್ದೆ. ವಾಕ್ಯ ಹೇಳಿ ಸುಮ್ಮನಾದೆ. ತಮ್ಮವರು ಲೈನು ಸತ್ತಿದೆ ಎಂದುಕೊಂಡು ಇಟ್ಟುಬಿಟ್ಟರು. ಎರಡನೆಯ ಸಲವೂ ಇಟ್ಟರು, ಮೂರನೆಯ ಸಲವೂ ಇಟ್ಟರು. ಅವಳ ಮೌನಕ್ಕೆ ಬೆಲೆ ಇಳಿಯುತ್ತಿತ್ತು, ನನ್ನ ಮೌನಕ್ಕೆ ಫೋನು ಕಡಿಯುತ್ತಿತ್ತು. ನಾಲ್ಕನೆಯ ಸಲ ಸಿಕ್ಕ ಹೆಣ್ಣುಮಗಳು ಯಾಕೆ ಬಿಡುತ್ತೀರಿ ಎಂದು ಕೇಳಿದಾಗ, ಸುಳ್ಳು ಹೇಳಲು ತೋಚದೆ, ಬಿಡುವ ಮನಸ್ಸಿಲ್ಲ, ಹೆಂಡತಿ ಹೋದಳು, ಪ್ರತಿ ವರ್ಷ ಅವಳೇ ಫೋನು ಮಾಡುತ್ತಿದ್ದಳು ಎಂದು ಇದ್ದದ್ದನ್ನು ಹೇಳಿದೆ. ಆಕೆ, “ತುಂಬ ಬೇಜಾರಾಯ್ತು ಸರ್. ಒಬ್ರೇ ಇರೋವಾಗ ಮನರಂಜನೆ ಜಾಸ್ತಿ ಬೇಕಾಗುತ್ತೆ ಸರ್” ಎಂದಳು. ಅಷ್ಟು ಮರುಕದಿಂದ ಹೇಳಿದವಳಿಗೆ ಬೇಡ ಎನ್ನುವುದು ಹೇಗೆ? ಬೆಲೆ ಇಳಿಸಲು ಕೂತವನು ಏಳುವ ಹೊತ್ತಿಗೆ ‘ಮಹಾಮನರಂಜನೆ’ ಯೋಜನೆಯ ಒಡೆಯನಾಗಿದ್ದೆ. ಹದಿನಾಲ್ಕು ಸಿನಿಮಾ ಸೇವೆಗಳು, ಮೂರು ಕಬಡ್ಡಿ ವಾಹಿನಿಗಳು, ಮತ್ತು ಕೊರಿಯಾ ದೇಶದ ಅಡುಗೆ. ಮಾನ್ಯರೇ, ನಾನು ಬೇಳೆ-ಅನ್ನದ ವರಣ್-ಭಾತ್ ಮಾಡುವುದನ್ನೇ ಇನ್ನೂ ಕಲಿಯುತ್ತಿದ್ದೇನೆ.

ಮರುದಿನ ತಮ್ಮ ಸಂದೇಶ ಬಂತು. ಮಹಾಮನರಂಜನೆ ನಮ್ಮ ಹಳೆಯ ವೈಫೈ ಡಬ್ಬಿಯಲ್ಲಿ ಹಿಡಿಸುವುದಿಲ್ಲ, ಹೊಸ ಡಬ್ಬಿ ಹಾಕಲು ತಂತ್ರಜ್ಞರು ಬರುತ್ತಾರೆ, ಹೊಸ ಡಬ್ಬಿಯ ಹೆಸರು ಕಂಪನಿಯದೇ ಆಗಿರುತ್ತದೆ, ಗ್ರಾಹಕರು ಅದನ್ನು ಬದಲಾಯಿಸುವಂತಿಲ್ಲ. ಕೂಡಲೇ ಫೋನು ಮಾಡಿ ಯೋಜನೆ ಬೇಡವೆಂದೆ. ಶುರುವಾದದ್ದನ್ನು ಮುಗಿಯುವವರೆಗೆ ರದ್ದು ಮಾಡಲಾಗದು, ಹೊಸ ಡಬ್ಬಿ ಹಾಕಿಸಿಕೊಂಡ ಮೇಲೆ ಸಂತೋಷವಾಗಿ ರದ್ದು ಮಾಡಿಸಿಕೊಳ್ಳಿ ಎಂದು ಉತ್ತರ ಬಂತು. ಊಟ ಮುಗಿಸಿದವರಿಗೆ ಮಾತ್ರ ಹಸಿವಿಲ್ಲ ಎಂದು ಹೇಳುವ ಹಕ್ಕು ಕೊಡುವ ಈ ಆತಿಥ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಂದು ಡಬ್ಬಿಯ ಹೆಸರಿಗಾಗಿ ಇಷ್ಟು ಗಾಬರಿಯಾಗಲು ಕಾರಣವೇನೆಂದು ತಾವು ಕೇಳಬಹುದು. ತಾವೂ ಪುಣೆಯವರೇ ಆಗಿದ್ದರೆ ಕೇಳುವುದಿಲ್ಲ. ನಮ್ಮ ಪೇಠೆಯಲ್ಲಿ ಬಂದುಹೋಗುವವರಿಗೆ ಬುದ್ಧಿ ಹೇಳುವ ಬೋರ್ಡು ಬರೆದು ಬಾಗಿಲಿಗೆ ಹಾಕದವನು ಬಾಡಿಗೆಗೆ ಬಂದವನೆಂದೇ ಲೆಕ್ಕ. ಆದರೆ ಏಳು ವರ್ಷಗಳ ಹಿಂದೆ ಕಟ್ಟಡಕ್ಕೆ ಹೊಸ ಬಣ್ಣ ಬಳಿಸಿದ ನಮ್ಮ ಸೊಸೈಟಿಯ ಕಾರ್ಯದರ್ಶಿ ಪೋಂಕ್ಷೆಯವರು ‘ಗೋಡೆಗೆ ಯಾವುದೇ ಸೂಚನೆ ಅಂಟಿಸಕೂಡದು’ ಎಂಬ ಸೂಚನೆಯನ್ನು ಗೋಡೆಗೆ ಅಂಟಿಸಿದರು. ಈ ಸೂಚನೆಗೆ ಅನುಮತಿ ಕೊಟ್ಟವರು ಯಾರು ಎಂದು ಕುಮುದಿನಿ ಸಭೆಯಲ್ಲಿ ಕೇಳಿದಳು. ಆ ವಾರವೇ ಅವಳು ಬೋರ್ಡನ್ನು ಗಾಳಿಯಲ್ಲಿ ತೂಗುಹಾಕಿದಳು. ಅಂದರೆ, ನಮ್ಮ ವೈಫೈ ಡಬ್ಬಿಯ ಹೆಸರನ್ನೇ ಬೋರ್ಡು ಮಾಡಿದಳು. ಕಟ್ಟಡದಲ್ಲಿ ಯಾರು ಫೋನು ತೆರೆದು ವೈಫೈ ಹುಡುಕಿದರೂ ಮೊದಲು ಅದೇ ಕಾಣುತ್ತಿತ್ತು.

ಮೊದಲನೆಯದು: ‘ಕಸದ ಬುಟ್ಟಿ ದೂರವಿಲ್ಲ, ಕೈ ಚಾಚಿ’. ಎರಡನೆಯದು ಎದುರು ಮನೆಯವರಿಗೆ: ‘ನಿಮ್ಮ ಕುಕ್ಕರ್ ಏಳು ಕೂಗಿತು. ಏಳಿ’. ಪೋಂಕ್ಷೆಯವರು ಸಿಟ್ಟಾಗಿ, ಕಟ್ಟಡದೊಳಗಿನ ಗಾಳಿ ಸೊಸೈಟಿಯ ಆಸ್ತಿಯೇ ಎಂಬ ವಿಷಯವನ್ನು ಸಭೆಯಲ್ಲಿ ಒಂದೂವರೆ ಗಂಟೆ ಚರ್ಚೆಗೆ ಇಟ್ಟರು. ಕೊನೆಗೆ ತಮ್ಮ ಮನೆಯ ವೈಫೈಗೆ ‘ಗಾಳಿಯೂ ಸೊಸೈಟಿಯದೇ’ ಎಂದು ಹೆಸರಿಟ್ಟರು. ಮರುದಿನ ನಮ್ಮದು: ‘ಉಸಿರಾಟದ ಬಿಲ್ಲು ಕಳಿಸಿ’.

ತಮ್ಮ ಡಬ್ಬಿಯ ಒಂದು ಜಿಪುಣತನವನ್ನು ಇಲ್ಲಿ ಹೇಳಬೇಕು. ಮರಾಠಿ ಲಿಪಿಯಲ್ಲಿ ಬರೆದರೆ ಅದು ಹತ್ತೇ ಅಕ್ಷರಕ್ಕೆ ಸುಸ್ತಾಗುತ್ತದೆ. ಮರಾಠಿಯನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಮೂವತ್ತೆರಡರವರೆಗೆ ತಾಳಿಕೊಳ್ಳುತ್ತದೆ. ಕುಮುದಿನಿಯ ಬೋರ್ಡುಗಳು ಹುಟ್ಟುವಾಗ ಒಂದೊಂದೂ ಅರ್ಧ ಪುಟ ಇರುತ್ತಿದ್ದವು. ಪುಸ್ತಕಗಳ ಬೆನ್ನಿನ ಮೇಲೆ ಚಿನ್ನದ ಅಕ್ಷರ ಒತ್ತಿದವನು ನಾನು; ಎಷ್ಟು ದೊಡ್ಡ ಗ್ರಂಥವಾದರೂ ಬೆನ್ನು ಎರಡು ಬೆರಳಗಲ. ಹಾಗಾಗಿ ಪ್ರತಿ ಶನಿವಾರ ಅವಳು ಹೇಳುವುದು, ನಾನು ಕತ್ತರಿಸುವುದು. ಮಾತಾಡಿ ಸಂಸಾರ ಮಾಡಿದವರಲ್ಲ ನಾವು. ಆ ಶನಿವಾರಗಳೇ ನಮ್ಮ ಮಾತುಕತೆ.

ಕೊನೆಯ ಬೋರ್ಡು ಮಧ್ಯಾಹ್ನದ ನಿದ್ದೆಯ ಕುರಿತಾದದ್ದು. ಅವಳ ಮೂಲದಲ್ಲಿ ವಯಸ್ಸಾದವರ ಆರೋಗ್ಯ, ಗಂಟೆ ಒತ್ತುವವರ ಸಂಸ್ಕಾರ, ಅವರ ತಂದೆತಾಯಿಗಳ ಪಾಲನೆಯಲ್ಲಿನ ಕೊರತೆ ಎಲ್ಲವೂ ಇದ್ದವು. ನಾನು ಕತ್ತರಿಸಿ, ಕತ್ತರಿಸಿ, ‘ಇಬ್ಬರೂ ಮಲಗಿದ್ದೇವೆ, 1ರಿಂದ 4’ ಎಂಬಲ್ಲಿಗೆ ತಂದೆ. ‘ಇಬ್ಬರೂ’ ಎಂಬುದನ್ನೂ ತೆಗೆಯಹೊರಟೆ. ಮಲಗಿದ್ದೇವೆ ಎಂದರೆ ಸಾಕಲ್ಲ, ಅರ್ಥವಾಗುತ್ತದೆ ಎಂದೆ. ಅವಳು ಎಣಿಸಿ ನೋಡಿ, ಇನ್ನೂ ಜಾಗ ಇದೆ ಎಂದಳು.

“ಅಹೋ, ಅಕ್ಷರಕ್ಕೇನು ದುಡ್ಡು ಕೊಡಬೇಕಾ? ‘ಇಬ್ಬರೂ’ ಇರಲಿ ಬಿಡಿ.”

ಅದು ಶನಿವಾರ. ಸೋಮವಾರ ಆಸ್ಪತ್ರೆಗೆ ಸೇರಿಸಿದೆವು. ಮತ್ತೆ ಮನೆಗೆ ಬರಲಿಲ್ಲ.

ಬ್ಯಾಂಕಿನಲ್ಲಿ, ಗ್ಯಾಸಿನವರಲ್ಲಿ, ರೇಷನ್ ಕಾರ್ಡಿನಲ್ಲಿ, ಎಲ್ಲ ಕಡೆಯೂ ನಾನೇ ಹೋಗಿ, ಪ್ರಮಾಣಪತ್ರದ ಪ್ರತಿ ಕೊಟ್ಟು, ಇಬ್ಬರನ್ನು ಒಬ್ಬನನ್ನಾಗಿ ಮಾಡಿಸಿಕೊಂಡು ಬಂದಿದ್ದೇನೆ. ಅವರೆಲ್ಲ ಬಹಳ ಬೇಗ ಮಾಡಿಕೊಟ್ಟರು. ಲೋಕದಲ್ಲಿ ನಾವು ಇನ್ನೂ ಇಬ್ಬರಾಗಿ ಉಳಿದಿರುವುದು ಕಪಾಟಿನ ಮೇಲಿನ ತಮ್ಮ ಈ ಹಳೆಯ ಡಬ್ಬಿಯಲ್ಲಿ ಮಾತ್ರ.

ಈಗ ತಮ್ಮ ತಂತ್ರಜ್ಞರ ವಿಷಯ. ವಿಶ್ವಾಸಿ ಗ್ರಾಹಕರಿಗೆಂದು ತಮ್ಮ ಫೋನಿನ ಯಂತ್ರ ಪ್ರತ್ಯೇಕವಾಗಿ ಕಾದಿರಿಸುವ ವೇಳೆ ಗುರುವಾರ ಮಧ್ಯಾಹ್ನ ಒಂದರಿಂದ ನಾಲ್ಕು. ಬೇರೆ ವೇಳೆ ಕೇಳಿದೆ, ಇಲ್ಲವೆಂದಿತು. ಮೊದಲ ಗುರುವಾರ ನಾನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಡಬ್ಬಿಯನ್ನು ಹೇಗೆ ಉಳಿಸಿಕೊಳ್ಳಲಿ ಎಂದು ಯೋಚಿಸುತ್ತ ಕಾದೆ. ಯಾರೂ ಬರಲಿಲ್ಲ. ಎರಡನೆಯ ಗುರುವಾರವೂ ಇಲ್ಲ. ಆಮೇಲೆ ಗೇಟಿನ ಕಾವಲುಗಾರ ನಾಮದೇವ ಹೇಳಿದ: “ಬಂದಿದ್ರು ಸಾಹೇಬ್. ಮೆಟ್ಟಿಲ ಬುಡದಲ್ಲಿ ಸಿಗ್ನಲ್ ನೋಡೋಕೆ ಫೋನ್ ತೆಗೆದ್ರು, ಬೋರ್ಡ್ ಓದಿದ್ರು, ನಾಲಿಗೆ ಕಚ್ಕೊಂಡ್ರು, ಹೊರಟೋದ್ರು.” ಬಂದ ಇಬ್ಬರು ತಂತ್ರಜ್ಞರೂ ಇದೇ ಊರಿನವರು, ಮಾನ್ಯರೇ. ಬೋರ್ಡಿನಲ್ಲಿ ಮಲಗಿದ್ದೇವೆ ಎಂದು ಬರೆದ ಮೇಲೂ ಗಂಟೆ ಒತ್ತುವ ಧೈರ್ಯ ನಮ್ಮ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಬರುವುದಿಲ್ಲ. ‘ಗ್ರಾಹಕರು ಲಭ್ಯವಿಲ್ಲ’ ಎಂದು ಬರೆದು ಹೋದರು.

ಆಮೇಲೆ ಒಮ್ಮೆ ತಾವು ನಾಗಪುರದ ಕಡೆಯವರನ್ನು ಕಳಿಸಿದಿರಿ. ಅವರಿಗೆ ನಮ್ಮ ಊರಿನ ಭಯವಿರಲಿಲ್ಲ. ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದೇಬಿಟ್ಟರು. ಒಳಗೆ ನಾನು ಬಾಗಿಲ ಕಿಂಡಿಗೆ ಕಣ್ಣಿಟ್ಟು ನಿಂತಿದ್ದೆ. ಅವರ ಬೆರಳು ಗಂಟೆಗೆ ತಾಗುವ ಮೊದಲೇ ಕೆಳಗಿನಿಂದ ಪೋಂಕ್ಷೆಯವರ ದನಿ ಕೇಳಿಸಿತು. ಗಾಳಿ ಸೊಸೈಟಿಯದೆಂದು ಒಂದೂವರೆ ಗಂಟೆ ವಾದಿಸಿದ್ದ ಅದೇ ಪೋಂಕ್ಷೆಯವರು.

“ಏನ್ರೀ, ಓದೋಕೆ ಬರಲ್ವಾ? ಇಬ್ಬರೂ ಮಲಗಿದ್ದಾರೆ ಅಂತ ಬೋರ್ಡ್ ಹಾಕಿಲ್ವಾ?”

ಅವರೇ ಅವಳ ಹೆಣಕ್ಕೆ ಹೆಗಲು ಕೊಟ್ಟವರು. ನಾಗಪುರದವರು ಗೊಣಗುತ್ತ ಇಳಿದುಹೋದರು. ಪೋಂಕ್ಷೆಯವರೂ ನಾನೂ ಈವರೆಗೆ ಈ ಬಗ್ಗೆ ಮಾತಾಡಿಲ್ಲ.

ಪ್ರತಿ ಗುರುವಾರದ ಸಂಜೆ ತಮ್ಮ ಯಂತ್ರ ಫೋನು ಮಾಡಿ, ನಮ್ಮ ತಂತ್ರಜ್ಞರು ತಮ್ಮನ್ನು ಭೇಟಿಯಾದರೇ, ಹೌದಾದರೆ ಒಂದು, ಇಲ್ಲವಾದರೆ ಎರಡು ಒತ್ತಿ ಎಂದು ಕೇಳುತ್ತದೆ. ಯಾರೂ ಭೇಟಿಯಾಗಿಲ್ಲವಾದ್ದರಿಂದ ನಾನು ಸತ್ಯವಾಗಿ ಎರಡು ಒತ್ತುತ್ತೇನೆ. ಯಂತ್ರ ತುಂಬ ನೊಂದುಕೊಂಡು, ‘ತಂತ್ರಜ್ಞರು ಬಾರದ ಪ್ರತಿ ಸಲಕ್ಕೂ ನೂರು ರೂಪಾಯಿ ವಾಪಸ್’ ಎಂಬ ತಮ್ಮ ಬ್ಯಾನರಿನ ವಾಗ್ದಾನದಂತೆ ನೂರು ರೂಪಾಯಿ ಕಡಿತಗೊಳಿಸುತ್ತದೆ. ಹೊಸ ಡಬ್ಬಿ ಕೂರುವವರೆಗೆ ಹಳೆಯ ದರವೇ ನಡೆಯುವುದರಿಂದ, ನಾಲ್ಕು ಗುರುವಾರಗಳ ತಿಂಗಳಲ್ಲಿ ನನ್ನ ಬಿಲ್ಲು ಹೊಸ ಗ್ರಾಹಕರ ದರಕ್ಕೆ ಸರಿಯಾಗಿ ಬಂದು ನಿಂತಾಗ ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ.

ಕಳೆದ ಗುರುವಾರ ತಮ್ಮ ತಂತ್ರಜ್ಞ ಬಬನ್ ಶೆಲಾರ್ ಅವರು ಬಂದರು. ನಾಲ್ಕು ಗಂಟೆಗೆ ಬಾಗಿಲು ತೆರೆದರೆ, ಮೆಟ್ಟಿಲ ತಿರುವಿನಲ್ಲಿ ಐವತ್ತು ದಾಟಿದ ಒಬ್ಬರು ಸಲಕರಣೆಯ ಚೀಲ ತಲೆಗಿಟ್ಟು ನಿದ್ದೆ ಹೋಗಿದ್ದಾರೆ. ಎಬ್ಬಿಸಿದೆ. ಒಂದು ಗಂಟೆಗೇ ಬಂದಿದ್ದಾಗಿಯೂ, ಬೋರ್ಡು ನೋಡಿ ಎಬ್ಬಿಸುವುದು ಸರಿಯಲ್ಲವೆಂದು ಕಾದು ಕೂತದ್ದಾಗಿಯೂ, ನಮ್ಮ ಮೆಟ್ಟಿಲು ತಂಪಾಗಿದ್ದರಿಂದ ಹಾಗೇ ಕಣ್ಣು ಹತ್ತಿದ್ದಾಗಿಯೂ ಹೇಳಿದರು. ಒಳಗೆ ಕರೆದು ಚಹಾ, ಬಾಕರ್‌ವಡಿ ಕೊಟ್ಟೆ. ತಿಂದು, ಕೈ ತೊಳೆದು, ಹೊಸ ಡಬ್ಬಿ ಬಿಚ್ಚಿ, ಗೋಡೆ ಕೊರೆಯಲು ಡ್ರಿಲ್ ಎತ್ತಿದವರು ಅದನ್ನು ಶುರು ಮಾಡುವ ಮೊದಲು ದನಿ ತಗ್ಗಿಸಿ ಕೇಳಿದರು:

“ಕಾಕೂ ಎದ್ದರಾ? ಇದರ ಸದ್ದು ಜೋರು.”

ಎಂಟು ತಿಂಗಳಲ್ಲಿ ಎಷ್ಟೋ ಕಚೇರಿಗಳ ಕಿಟಕಿಗಳ ಮುಂದೆ ನಿಂತು ಸರಿಯಾದ ಉತ್ತರ ಕೊಟ್ಟಿದ್ದೇನೆ, ಮಾನ್ಯರೇ. ಆದರೆ ಅವಳ ನಿದ್ದೆಗಾಗಿ ಮೂರು ಗಂಟೆ ಮೆಟ್ಟಿಲ ಮೇಲೆ ಕಾದವರಿಗೆ ಆ ಉತ್ತರ ಕೊಡಲು ಬಾಯಿ ಬರಲಿಲ್ಲ.

“ಇನ್ನೂ ಇಲ್ಲ” ಎಂದೆ.

ಶೆಲಾರ್ ಅವರು ತಲೆಯಾಡಿಸಿ, ಚೀಲ ಇಡಲು ಈ ಕಡೆ ತಿರುಗಿದಾಗ, ಗೋಡೆಯ ಮೇಲಿನ ಫೋಟೋ ಕಂಡರು. ಗಂಧದ ಹಾರ ಕಂಡರು. ಆಮೇಲೆ ಡ್ರಿಲ್ಲನ್ನು ಬಟ್ಟೆಯಲ್ಲಿ ಸುತ್ತಿ ಚೀಲದೊಳಗೆ ಇಟ್ಟುಕೊಂಡು, “ಮಲಗಿರ್ಲಿ ಬಿಡಿ ಕಾಕಾ” ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು ಒಂದು ಮಾತು ತಿಳಿಸಿದರು: “ನೆಟ್ ನಿಂತ್ರೂ ಬೋರ್ಡ್ ನಿಲ್ಲಲ್ಲ. ಡಬ್ಬಿಗೆ ಕರೆಂಟ್ ಇದ್ರೆ ಸಾಕು, ಹೆಸರು ಕಾಣ್ತಾನೇ ಇರುತ್ತೆ. ಆದ್ರೆ ಡಬ್ಬಿ ಕಂಪನಿದು ಕಾಕಾ, ವಾಪಸ್ ಕೇಳ್ತಾರೆ.” ಅವರೂ ‘ಗ್ರಾಹಕರು ಲಭ್ಯವಿಲ್ಲ’ ಎಂದೇ ಬರೆದಿರಬೇಕು. ಅದಕ್ಕಾಗಿ ಅವರಿಗೆ ಶಿಕ್ಷೆ ಕೊಡಬಾರದೆಂದು ಕೋರುತ್ತೇನೆ. ಆ ಹೊತ್ತಿನಲ್ಲಿ ನಾನು ನಿಜವಾಗಿಯೂ ಲಭ್ಯನಿರಲಿಲ್ಲ.

ನಿನ್ನೆ ತಮ್ಮ ಕೊನೆಯ ಸೂಚನೆ ತಲುಪಿದೆ. ಈ ತಿಂಗಳ ಮೂವತ್ತಕ್ಕೆ ಹಳೆಯ ಡಬ್ಬಿಗಳೆಲ್ಲ ನಿವೃತ್ತಿ, ಬದಲಾಯಿಸಿಕೊಳ್ಳದವರ ಸಂಪರ್ಕ ರದ್ದು, ಡಬ್ಬಿ ಕಂಪನಿಯ ವಶಕ್ಕೆ.

ಆದ್ದರಿಂದ ನನ್ನ ಬೇಡಿಕೆಗಳನ್ನು ಸಲ್ಲಿಸುವ ಹೊತ್ತು ಬಂದಿದೆ. ನನ್ನನ್ನು ಹೊಸ ಗ್ರಾಹಕನೆಂದು ಪರಿಗಣಿಸಬೇಕು ಎಂದು ಮೊದಲು ಬರೆಯಬೇಕೆಂದಿದ್ದೆ. ಎಂಟು ತಿಂಗಳಿಂದ ನಾನು ಹಾಲು ಕಾಯಿಸುವುದರಲ್ಲಿ ಹೊಸಬ, ಒಗೆದ ಬಟ್ಟೆ ಮಡಚುವುದರಲ್ಲಿ ಹೊಸಬ, ಸಂಜೆ ಏಳರಿಂದ ಒಂಬತ್ತರವರೆಗಿನ ಹೊತ್ತಿಗಂತೂ ತೀರ ಹೊಸಬ. ಗುರುವಾರ ಬರುವ ತಂತ್ರಜ್ಞರನ್ನು ಬರದಂತೆ ಕಳಿಸುತ್ತಲೇ ಇರಬೇಕು ಎಂದೂ ಕೋರಬೇಕೆಂದಿದ್ದೆ. ಅವೆಲ್ಲವನ್ನೂ ಹೊಡೆದುಹಾಕಿದ್ದೇನೆ. ಅಕ್ಷರ ಕತ್ತರಿಸುವುದು ನನಗೆ ಗೊತ್ತಿರುವ ಕೆಲಸ. ಉಳಿದದ್ದು ಇಷ್ಟು: ಆ ಹಳೆಯ ಡಬ್ಬಿಯನ್ನು ನನಗೆ ಮಾರಿಬಿಡಿ. ಅದರೊಳಗೆ ಇಂಟರ್‌ನೆಟ್ ಇರಬೇಕಾಗಿಲ್ಲ. ತಾವು ನಿವೃತ್ತಿ ಮಾಡಿದ ಮೇಲೆ ಅದು ತಮಗೆ ತಿಪ್ಪೆಗೆ ಹೋಗುವ ವಸ್ತು. ನಮ್ಮ ಮನೆಯಲ್ಲಿ ಅದಕ್ಕೆ ಕಪಾಟಿನ ಮೇಲೆ ಜಾಗವಿದೆ, ಕೆಲಸವೂ ಇದೆ. ಮನೆಯ ಇಂಟರ್‌ನೆಟ್ ಖರ್ಚು ಉಳಿಸುವ ಸಂಪೂರ್ಣ ವಿಧಾನ ಇಂಟರ್‌ನೆಟ್ ಇಲ್ಲದಿರುವುದೇ ಎಂದು ಕುಮುದಿನಿಗೆ ಹೊಳೆದಿದ್ದರೆ ಅವಳು ಪೇಠೆಗೆಲ್ಲ ಪೇಢೆ ಹಂಚುತ್ತಿದ್ದಳು.

ಬೆಲೆಯ ಮಾತು ತಾವೇ ಆಡಬೇಕು. ನನ್ನ ಕಡೆಯಿಂದ ಹೇಳುವ ವಾಕ್ಯ ಒಂದೇ, ಅದು ಅವಳದು.

ನಮಗೆ ಬಿಡಬೇಕಾಗಿದೆ.

ಇಲ್ಲಿಂದ ಮುಂದೆ ನಾನು ಸುಮ್ಮನಿರುತ್ತೇನೆ. ಇದು ಕಾಗದ, ಈ ಸಲ ಲೈನು ಕಡಿಯಲು ಬರುವುದಿಲ್ಲ.

ತಮ್ಮ ವಿಶ್ವಾಸಿ, ತಮ್ಮ ದಾಖಲೆಯ ಪ್ರಕಾರವೇ,
ಮನೋಹರ ಖಾಂಬೇಟೆ

ತಾ.ಕ.: ಕಳೆದ ತಿಂಗಳಲ್ಲಿ ಐದು ಗುರುವಾರಗಳು ಇದ್ದವು. ಬಿಲ್ಲು ಇನ್ನೂರ ತೊಂಬತ್ತೊಂಬತ್ತು ಬಂದಿದೆ, ಅಂದರೆ ಹೊಸಬರ ದರಕ್ಕಿಂತ ಪೂರ್ತಿ ನೂರು ರೂಪಾಯಿ ಕಡಿಮೆ. ಅವಳು ಬದುಕಿದ್ದಾಗ ತಾವು ಬಿಟ್ಟುಕೊಡದ ಒಂದು ರೂಪಾಯಿಯನ್ನು ಈಗ ನೂರು ಪಟ್ಟು ಕೊಟ್ಟಿದ್ದೀರಿ; ಆ ಬಿಲ್ಲಿಗೆ ರಟ್ಟು ಕಟ್ಟಿ ಫೋಟೋದ ಕೆಳಗೆ ಇಟ್ಟಿದ್ದೇನೆ. ಈ ಪತ್ರದ ಒಂದು ಪ್ರತಿಯನ್ನು ಪೋಂಕ್ಷೆಯವರು ತಾವಾಗಿಯೇ ಕೇಳಿ ಪಡೆದು, ಏನನ್ನೂ ಅಂಟಿಸಕೂಡದ ಗೋಡೆಗೆ ಅಂಟಿಸಿದ್ದಾರೆ. ಉತ್ತರವನ್ನು ಫೋನಿನಲ್ಲಿ ಕೊಡುವುದಾದರೆ ದಯವಿಟ್ಟು ನಾಲ್ಕು ಗಂಟೆಯ ನಂತರ ಕೊಡಬೇಕು. ಅದಕ್ಕೆ ಮೊದಲು ಇಬ್ಬರೂ ಮಲಗಿರುತ್ತೇವೆ.